ಚರಂಡಿಯ ತುದಿಯಲ್ಲಿ ಕೆರೆ ಇದೆ

ಸೊರಬ, ಶಿಕಾರಿಪುರ ತಾಲ್ಲೂಕಿನ ಯಾವುದೇ ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆ ತೆರೆದು ನೋಡಿದರೂ ಎರಡು ಕಾಮಗಾರಿ ತಪ್ಪುವುದಿಲ್ಲ: ಸಿ.ಸಿ. ರಸ್ತೆ, ಸಿ.ಸಿ. ಚರಂಡಿ. ಗುದ್ದಲಿ ಪೂಜೆಯಾಗುತ್ತದೆ, ಕಾಯಿ ಒಡೆಯುತ್ತದೆ, ಫೋಟೊ ತೆಗೆಯುತ್ತಾರೆ. ಮರುದಿನ ಜೆಸಿಬಿ ಬಂದು ಮನೆಗಳ ಮುಂದೆ ಅಗೆದು ಹಾಕುತ್ತದೆ. ಹದಿನೈದು ದಿನ ಹಲಗೆ ದಾಟಿ ಮನೆಯೊಳಗೆ ಹೋಗಬೇಕು. ಅದೆಲ್ಲ ಮುಗಿದು ಬೂದಿ ಬಣ್ಣದ ಕಾಂಕ್ರೀಟ್ ಒಣಗಿದ ಮೇಲೆ ಊರಿನ ಬಾಯಲ್ಲಿ ಒಂದೇ ಮಾತು: ‘ನಮ್ಮ ಕೇರಿಗೂ ಚರಂಡಿ ಆಯ್ತು, ಇನ್ನು ಊರು ಚೊಕ್ಕಟ.’

ಈ ಮಾತನ್ನು ಪಂಚಾಯಿತಿ ಸದಸ್ಯ ನಂಬಿದ್ದಾನೆ, ಎಂಜಿನಿಯರ್ ನಂಬಿದ್ದಾನೆ, ‘ಚರಂಡಿ ಇಲ್ಲದೆ ಗ್ರಾಮಸ್ಥರ ಪರದಾಟ’ ಎಂದು ತಲೆಬರಹ ಕೊಡುವ ಪತ್ರಿಕೆ ನಂಬಿದೆ, ಗ್ರಾಮಸಭೆಯಲ್ಲಿ ಅರ್ಜಿ ಹಿಡಿದು ನಿಲ್ಲುವ ಹೆಂಗಸರೂ ನಂಬಿದ್ದಾರೆ. ಹಾಗೆ ನಂಬಲು ಅವರಿಗೆ ಕಾರಣವೂ ಇದೆ. ಮನೆ ಮುಂದೆ ಬಚ್ಚಲ ನೀರು ಮಡುಗಟ್ಟಿ ನಿಂತು, ಅದರಲ್ಲಿ ಹಂದಿ ಹೊರಳಾಡಿ, ಶಾಲೆಗೆ ಹೋಗುವ ಮಗು ಕೆಸರಿಗೆ ಕಾಲಿಟ್ಟು ಹಿಂದಿರುಗುವುದನ್ನು ಕಂಡವರಿಗೆ ಚರಂಡಿ ದೇವರು ಕೊಟ್ಟ ವರದಂತೆ ಕಾಣುವುದು ಸಹಜ.

ಆದರೂ ನಂಬಿಕೆ ತಪ್ಪು. ಚರಂಡಿಯಿಂದ ಕೊಳೆ ಸಾಗುತ್ತದೆ, ಸಾಯುವುದಿಲ್ಲ. ಒಂದು ಮನೆಯ ಮುಂದಿನ ಕೊಳೆ ಇನ್ನೊಂದು ಮನೆಯ ಮುಂದಕ್ಕೆ, ಮೇಲಿನ ಕೇರಿಯದು ಕೆಳಗಿನ ಕೇರಿಗೆ, ಊರಿನದು ಊರ ಹೊರಗೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ ಎಂಬ ಪ್ರಶ್ನೆಗೆ ಅಂದಾಜು ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ. ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ಎಷ್ಟು ಚೀಲ ಸಿಮೆಂಟು ಎಂಬುದೆಲ್ಲ ಬರೆದಿರುತ್ತದೆ. ತುದಿ ಎಲ್ಲಿ ಎಂಬುದನ್ನು ನೋಡಲು ಊರವರೇ ನಡೆದು ಹೋಗಬೇಕು.

ನಡೆದು ಹೋದರೆ ಕಾಣುವುದು ಇಷ್ಟು. ಕೊನೆಯ ಮನೆ ದಾಟಿದ ಮೇಲೆ ಕಾಂಕ್ರೀಟು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮಂಜೂರಾದ ದುಡ್ಡು ಅಲ್ಲಿಗೆ ಮುಗಿದಿರುತ್ತದೆ. ಅದರ ಬಾಯಿಂದ ಕಪ್ಪು ನೀರು ಕೆಸುವಿನ ಪೊದೆಯೊಳಕ್ಕೆ ಬೀಳುತ್ತದೆ. ಗುಟ್ಕಾ ಚೀಟಿ, ಶ್ಯಾಂಪೂ ಪೊಟ್ಟಣ, ಮಗುವಿನ ಡೈಪರು ಪೊದೆಯ ಬುಡಕ್ಕೆ ಸಿಕ್ಕಿಕೊಂಡಿರುತ್ತವೆ. ಸೋಪಿನ ನೊರೆ ಅಂಚಿನಲ್ಲಿ ಬಿಳಿ ಗೆರೆ ಎಳೆದಿರುತ್ತದೆ. ಅಲ್ಲಿಂದ ಒಂದು ಸಣ್ಣ ಕಾಲುವೆ ಇಳಿಜಾರು ಹಿಡಿದು ಹೋಗುತ್ತದೆ. ನೂರು ಹೆಜ್ಜೆಯೋ ಇನ್ನೂರು ಹೆಜ್ಜೆಯೋ ಆಚೆ ಕೆರೆ.

ಈ ಸೀಮೆಯಲ್ಲಿ ಇಳಿಜಾರು ಎಂದರೆ ಕೆರೆಯೇ. ನೂರಾರು ಕೆರೆಗಳ ನಾಡು ಇದು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಸ್ತಂಭದ ಮೇಲೆ ಐದನೇ ಶತಮಾನದಲ್ಲಿ ಕುಬ್ಜ ಕವಿ ಬರೆದ ಶಾಸನ ಕದಂಬರ ವಂಶಾವಳಿಯನ್ನು ಹೇಳುತ್ತದೆ. ಆ ಶಾಸನ ಹುಟ್ಟಿದ್ದು ಅಲ್ಲಿ ದೊರೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ದಾಖಲಿಸುವುದಕ್ಕೆ. ಅಂದರೆ ಶಿಕಾರಿಪುರ ತಾಲ್ಲೂಕಿನ ಅತಿ ಹಳೆಯ ಬರಹಗಳಲ್ಲೊಂದು ಕೆರೆಯ ಬರಹ. ಗದ್ದೆಗೆ, ದನಕ್ಕೆ, ಬಟ್ಟೆಗೆ, ಮೀನಿಗೆ, ಬಾವಿಯ ಒರತೆಗೆ ಕೆರೆಯನ್ನು ನಂಬಿದ ಜನ ಇಲ್ಲಿ ಸಾವಿರದ ಐನೂರು ವರ್ಷಕ್ಕೂ ಹಿಂದಿನಿಂದ ಬಾಳಿದ್ದಾರೆ. ಊರು ಕಟ್ಟುವಾಗ ದಿಬ್ಬ ಹುಡುಕಿದರು, ತಗ್ಗಿನಲ್ಲಿ ಏರಿ ಹಾಕಿದರು. ಇಳಿಜಾರನ್ನು ನಂಬಿ ಕಟ್ಟುವ ಇಂದಿನ ಚರಂಡಿಗೆ ಆ ತಗ್ಗು ಸುಲಭದ ಗುರಿಯಾಗಿ ಸಿಕ್ಕಿತು.

ಕೆರೆಗಳು ಒಂಟಿಯೂ ಅಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರದು ಮತ್ತೊಂದಕ್ಕೆ ಇಳಿಯುತ್ತದೆ. ಸೊರಬದ ಕಡೆಯದು ದಂಡಾವತಿ, ವರದೆಗೂ ಶಿಕಾರಿಪುರದ ಕಡೆಯದು ಕುಮುದ್ವತಿಗೂ ಸೇರಿ ಕೊನೆಗೆ ಹಾವೇರಿ ಜಿಲ್ಲೆಯನ್ನು ಹಾಯ್ದು ತುಂಗಭದ್ರೆಗೆ ಹೋಗುತ್ತದೆ. ಮೇಲಿನ ಊರಿನವರು ‘ಹೊರಗೆ ಹೋಯಿತು’ ಎನ್ನುವುದೆಲ್ಲ ಕೆಳಗಿನ ಊರಿನವರಿಗೆ ‘ಒಳಗೆ ಬಂತು’.

ಹಾಗಾದರೆ ಈ ನೀರು ಎಷ್ಟು? ಮೊದಲು ಕಡಿಮೆ ಇತ್ತು, ಈಗ ಕಡಿಮೆ ಇಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂತು. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವುದು ಅದರ ಗುರಿ. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಮೂರನೇ ಎರಡರಷ್ಟು ಬಚ್ಚಲು, ಪಾತ್ರೆ, ಬಟ್ಟೆಯ ಮೂಲಕ ಹೊರಗೆ ಬರುತ್ತದೆ ಎಂದು ಹಿಡಿದರೂ ಮನೆಯೊಂದಕ್ಕೆ 180 ಲೀಟರಿಗೆ ಮೇಲೆ. ಇನ್ನೂರು ಮನೆಯ ಊರಿನಲ್ಲಿ ದಿನಕ್ಕೆ 36 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ ಏಳು ಟ್ಯಾಂಕರ್. ದೀಪಾವಳಿ, ಯುಗಾದಿ ಎನ್ನದೆ ದಿನವೂ ಏಳು ಟ್ಯಾಂಕರ್ ಕೊಳೆ ನೀರು. ಕೊಡ ಹೊತ್ತು ನೀರು ತರುತ್ತಿದ್ದ ಕಾಲದಲ್ಲಿ ಯಾರೂ ಇಷ್ಟು ಚೆಲ್ಲುತ್ತಿರಲಿಲ್ಲ. ನಲ್ಲಿ ಬಂದದ್ದು ಒಳ್ಳೆಯದು, ಹೆಂಗಸರ ಸೊಂಟ ಉಳಿಯಿತು. ಒಳಗೆ ಬರುವ ನೀರಿಗೆ ಕೊಟ್ಟ ಗಮನದಲ್ಲಿ ಹತ್ತರಲ್ಲೊಂದು ಪಾಲು ಹೊರಗೆ ಹೋಗುವ ನೀರಿಗೆ ಸಿಗಲಿಲ್ಲ ಎಂಬುದು ತಕರಾರು.

ಇನ್ನೊಂದು ಕಡೆ ಇದೇ ಕೆರೆಗಳನ್ನು ತುಂಬಿಸಲು ನೂರಾರು ಕೋಟಿ ರೂಪಾಯಿ ಹರಿಯುತ್ತಿದೆ. ಶಿಕಾರಿಪುರದಲ್ಲಿ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ, ಸೊರಬದಲ್ಲಿ ಮೂಡಿ, ಮೂಗೂರು ಏತ ನೀರಾವರಿ. ದೂರದ ನದಿಯಿಂದ ಪಂಪು ಹಚ್ಚಿ, ಕರೆಂಟು ಸುಟ್ಟು, ಮೈಲಿಗಟ್ಟಲೆ ಪೈಪು ಹಾಸಿ ನೀರನ್ನು ಮೇಲೆತ್ತಿ ಕೆರೆಗೆ ಬಿಡುವುದು. ಬಿಟ್ಟ ನೀರಿಗೆ ಊರಿನ ಚರಂಡಿ ಇನ್ನೊಂದು ಅಂಚಿನಿಂದ ಬಂದು ಸೇರುವುದು. ಒಂದು ಇಲಾಖೆ ಹಾಲು ತಂದು ಹಂಡೆಗೆ ಸುರಿಯುತ್ತಿದ್ದರೆ ಇನ್ನೊಂದು ಇಲಾಖೆ ಅದೇ ಹಂಡೆಗೆ ಮುಸುರೆ ಸುರಿಯುತ್ತಿದೆ. ಎರಡರ ಕಡತಗಳೂ ಪ್ರಗತಿ ಪರಿಶೀಲನಾ ಸಭೆಯಲ್ಲಿ ‘ಪೂರ್ಣಗೊಂಡಿದೆ’ ಎಂದು ದಾಖಲಾಗುತ್ತವೆ.

ಕೋಲಾರದ ಕಥೆಯನ್ನು ಇಲ್ಲಿ ನೆನೆಯಬಹುದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ನೀರು ಕೋಲಾರದ ಕೆರೆಗಳಿಗೆ ಹರಿದಾಗ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಜನ ಬೀದಿಗಿಳಿದರು, ವಿಷಯ ಹೈಕೋರ್ಟಿಗೆ ಹೋಯಿತು. ಆ ನೀರು ಎರಡು ಹಂತದಲ್ಲಿ ಸಂಸ್ಕರಣೆಯಾದ ನೀರು. ಮೂರನೇ ಹಂತವೂ ಬೇಕು ಎಂಬುದು ಹೋರಾಟಗಾರರ ಬೇಡಿಕೆ. ನಮ್ಮ ಅರೆಮಲೆನಾಡಿನ ಹಳ್ಳಿಯ ಚರಂಡಿ ಕೆರೆಗೆ ಬಿಡುವುದು ಒಂದು ಹಂತವನ್ನೂ ಕಾಣದ ನೀರನ್ನು. ಅದಕ್ಕೆ ಹೋರಾಟವೂ ಇಲ್ಲ, ದಾವೆಯೂ ಇಲ್ಲ, ಬದಲಿಗೆ ಉದ್ಘಾಟನೆಯ ಕಲ್ಲು ಇದೆ.

ಈ ಕುರುಡುತನ ಸರ್ಕಾರದ ಅಳತೆಗೋಲಿನಲ್ಲೂ ಸ್ವಲ್ಪ ಇದೆ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ ಊರು ‘ಒಡಿಎಫ್ ಪ್ಲಸ್ ಮಾದರಿ’ ಎನಿಸಿಕೊಳ್ಳಬೇಕಾದರೆ ಘನ ಮತ್ತು ದ್ರವ ತ್ಯಾಜ್ಯದ ವ್ಯವಸ್ಥೆ ಇರಬೇಕು, ಜೊತೆಗೆ ಊರು ಕಣ್ಣಿಗೆ ಸ್ವಚ್ಛವಾಗಿ ಕಾಣಬೇಕು: ಕಸ ಕಡಿಮೆ, ನಿಂತ ಕೊಳೆ ನೀರು ಕಡಿಮೆ. ಬೀದಿಯಲ್ಲಿ ನಿಂತು ನೋಡಿದರೆ ಚರಂಡಿಯುಳ್ಳ ಊರು ಈ ಪರೀಕ್ಷೆಯಲ್ಲಿ ಪಾಸು. ಕೆರೆಯ ಅಂಚಿಗೆ ಹೋಗಿ ನೋಡಿದರೆ ನಪಾಸು. ಪರಿಶೀಲನೆಗೆ ಬಂದವರನ್ನು ಯಾವ ಊರೂ ಮೊದಲು ಕೆರೆಯಂಚಿಗೆ ಕರೆದೊಯ್ಯುವುದಿಲ್ಲ.

ಇನ್ನು ರೋಗದ ಮಾತು. ‘ಚರಂಡಿ ಕಟ್ಟಿದರೆ ಸೊಳ್ಳೆ ಹೋಗುತ್ತದೆ’ ಎಂಬುದು ಎಲ್ಲರ ವಾದ. ಸೊಳ್ಳೆಗಳಲ್ಲಿ ಜಾತಿಗಳಿವೆ. ಡೆಂಗಿ ಹರಡುವ ಈಡಿಸ್ ಮೊಟ್ಟೆ ಇಡುವುದು ತೊಟ್ಟಿ, ಡ್ರಮ್ಮು, ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ತಿಳಿ ನೀರಿನಲ್ಲಿ. ಅದಕ್ಕೂ ಚರಂಡಿಗೂ ಸಂಬಂಧ ಅಷ್ಟಕ್ಕಷ್ಟೆ. ಕೊಳೆ ನೀರಿನಲ್ಲಿ ಬೆಳೆಯುವುದು ಆನೆಕಾಲು ರೋಗ ಹರಡಬಲ್ಲ ಕ್ಯೂಲೆಕ್ಸ್. ಹರಿಯುವ ಚರಂಡಿಯಲ್ಲಿ ಅದಕ್ಕೆ ಜಾಗ ಇಲ್ಲ ನಿಜ. ಆದರೆ ಹಳ್ಳಿಯ ಯಾವ ಚರಂಡಿ ಹರಿಯುತ್ತದೆ? ಬಾಕ್ಸ್ ಚರಂಡಿಯ ಕಲ್ಲು ಎತ್ತಿ ನೋಡಿದರೆ ಅರ್ಧ ಅಡಿ ಹೂಳು, ಅದರ ಮೇಲೆ ಅಲುಗಾಡದ ನೀರು. ತೆರೆದ ಗುಂಡಿಯಲ್ಲಿದ್ದ ಸೊಳ್ಳೆಗೆ ಪಂಚಾಯಿತಿ ತಾರಸಿ ಹಾಕಿಕೊಟ್ಟಂತಾಗಿದೆ.

ಸೊಳ್ಳೆಗಿಂತ ದೊಡ್ಡ ಅಪಾಯ ಕುಡಿಯುವ ನೀರಿನ ಪೈಪು. ಬೀದಿ ಕಿರಿದು, ಚರಂಡಿಯೂ ಅಲ್ಲೇ, ನಲ್ಲಿಯ ಪೈಪೂ ಅಲ್ಲೇ. ಮನೆಗೆ ಹೋಗುವ ಅರ್ಧ ಇಂಚಿನ ಪೈಪು ಎಷ್ಟೋ ಕಡೆ ಚರಂಡಿಯ ಗೋಡೆಯನ್ನು ತೂರಿಕೊಂಡು, ಕೊಳೆ ನೀರಲ್ಲೇ ಮುಳುಗಿಕೊಂಡು ದಾಟುತ್ತದೆ. ನೀರಗಂಟಿ ವಾಲ್ವು ತಿರುಗಿಸಿ ನೀರು ಬಿಡುವುದು ದಿನಕ್ಕೆ ಒಂದೆರಡು ತಾಸು. ಆಗ ಪೈಪಿನೊಳಗೆ ಒತ್ತಡ ಇರುತ್ತದೆ, ಸಂದಿನಿಂದ ನೀರು ಹೊರಗೆ ಜಿನುಗುತ್ತದೆ. ವಾಲ್ವು ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತ ಅದೇ ಸಂದಿನಿಂದ ಹೊರಗಿನದನ್ನು ಒಳಗೆಳೆಯುತ್ತದೆ. ಮರುದಿನದ ಮೊದಲ ಕೊಡದಲ್ಲಿ ಏನಿದೆ ಎಂದು ಆಮೇಲೆ ಆಸ್ಪತ್ರೆಯ ಪರೀಕ್ಷೆ ಹೇಳಬೇಕು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ಜನ ಹಾಸಿಗೆ ಹಿಡಿದರು, ಜೀವ ಕಳೆದುಕೊಂಡರು. ಒಂದೊಂದು ಕಡೆ ಒಂದೊಂದು ಕಾರಣ ಇರಬಹುದು. ಕುಡಿಯುವ ನೀರನ್ನೂ ಕೊಳೆ ನೀರನ್ನೂ ಒಂದೇ ಅಗೆತದಲ್ಲಿ ಮಲಗಿಸುವ ಊರು ಮಾತ್ರ ಆ ಕಾರಣಗಳಿಗೆ ಬಾಗಿಲು ತೆರೆದಿಟ್ಟುಕೊಂಡಂತೆ.

ಸೊರಬದವರಿಗೆ ರೋಗದ ಪಾಠ ಹೊಸತಲ್ಲ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಮಂಗನ ಕಾಯಿಲೆಯ ಹೆಸರಾಗಿ ಆ ಊರಿನ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಿಗೆ ಹೋಯಿತು. ಇವತ್ತಿಗೂ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ ಇಲಾಖೆಯವರು ಓಡೋಡಿ ಬರುತ್ತಾರೆ, ಬರಲೇಬೇಕು. ಆದರೆ ಮಳೆಗಾಲಕ್ಕೆ ತಪ್ಪದೆ ಬರುವ ವಾಂತಿಭೇದಿಗೆ, ಟೈಫಾಯಿಡಿಗೆ ಯಾರೂ ಓಡುವುದಿಲ್ಲ. ‘ನೀರು ಬದಲಾಯ್ತು’ ಎನ್ನುತ್ತಾರೆ, ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುತ್ತಾರೆ. ನೀರು ಬದಲಾದದ್ದು ಎಲ್ಲಿ ಎಂದು ಹುಡುಕುವುದಿಲ್ಲ.

ಹಾಗಾದರೆ ಬಚ್ಚಲ ನೀರಿಗೆ ದಾರಿ ಯಾವುದು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೆ ಅಕ್ಷರಶಃ ಒಪ್ಪುತ್ತದೆ, ಏಕೆಂದರೆ ದಾರಿ ಹಿತ್ತಲಲ್ಲೇ ಇತ್ತು. ಹಳೆಯ ಮನೆಯ ಬಚ್ಚಲು ಮನೆಯ ಹಿಂಬದಿಗೆ. ಹಂಡೆ ಒಲೆಯ ಬೂದಿ ಪಕ್ಕದಲ್ಲಿ. ಬಚ್ಚಲ ತೂತಿನಿಂದ ನೀರು ಹೊರಬಿದ್ದ ಕೂಡಲೆ ಬಾಳೆಯ ಬುಡ, ಅದರ ಪಕ್ಕ ಕೆಸು, ಬಸಳೆ ಚಪ್ಪರ. ಅಕ್ಕಿ ತೊಳೆದ ಅಕ್ಕಚ್ಚು, ಮುಸುರೆ ಸೇರಿ ಕಲಗಚ್ಚಾಗಿ ಕೊಟ್ಟಿಗೆಗೆ. ಅಡಿಕೆ ಬೇಯಿಸಿ ಉಳಿದ ಚೊಗರನ್ನೂ ಬೆಳೆಗಾರ ಚೆಲ್ಲುತ್ತಿರಲಿಲ್ಲ. ಗಟ್ಟಿಯಾಗಿಸಿ ಬಣ್ಣ ಕಟ್ಟಲು ಇಟ್ಟುಕೊಳ್ಳುತ್ತಿದ್ದ. ನೀರು ಮನೆಯ ಗಡಿ ದಾಟುವ ಮೊದಲೇ ಯಾರದೋ ಹೊಟ್ಟೆಗೆ, ಯಾವುದೋ ಬೇರಿಗೆ ಸೇರಿಬಿಡುತ್ತಿತ್ತು.

ಇದನ್ನು ಹೊನ್ನಿನ ಕಾಲ ಎಂದು ಹಾಡಬೇಕಾಗಿಲ್ಲ. ಆಗ ನೀರು ಕಡಿಮೆ, ಸೀಗೆಪುಡಿ ಹೆಚ್ಚು, ಡಿಟರ್ಜೆಂಟು ಇರಲಿಲ್ಲ. ಹಿತ್ತಿಲೂ ಎಲ್ಲರಿಗೆ ಇರಲಿಲ್ಲ. ಒಂದು ಗೋಡೆಗೆ ಇನ್ನೊಂದು ಗೋಡೆ ಅಂಟಿಕೊಂಡ ಕೇರಿಗಳಿಗೆ ಬಾಳೆಯ ಬುಡ ಎಲ್ಲಿಂದ ಬರಬೇಕು? ಬಯಲೇ ಬಹುತೇಕರ ಪಾಯಿಖಾನೆ: 2011ರ ಜನಗಣತಿಯಲ್ಲೂ ಗ್ರಾಮೀಣ ಕರ್ನಾಟಕದ ನೂರರಲ್ಲಿ ಸುಮಾರು 28 ಮನೆಗಳಿಗೆ ಮಾತ್ರ ಮನೆಯಲ್ಲಿ ಶೌಚಾಲಯ ಇತ್ತು. ಹಳೆಯದರಿಂದ ಕಲಿಯಬೇಕಾದ್ದು ಒಂದೇ ಸಂಗತಿ: ಕೊಳೆ ನೀರು ಹುಟ್ಟಿದಲ್ಲೇ ಮುಗಿಯಬೇಕು. ಅದನ್ನು ಇವತ್ತಿನ ನೀರಿನ ಲೆಕ್ಕಕ್ಕೆ ಹೊಂದಿಸಿದರೆ ಸಿಗುವುದು ಬಚ್ಚಲುಗುಂಡಿ.

ನಾಲ್ಕು ಅಡಿ ಉದ್ದ, ಅಗಲ, ಆಳದ ಗುಂಡಿ. ನಡುವೆ ಸುತ್ತಲೂ ತೂತಿರುವ ಸಿಮೆಂಟಿನ ತೊಟ್ಟಿ ಅಥವಾ ಮಡಕೆ. ಸುತ್ತ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು. ಬಚ್ಚಲಿಗೂ ಗುಂಡಿಗೂ ನಡುವೆ ಒಂದು ಚಿಕ್ಕ ಬಾಯಿ ಮುಚ್ಚಿದ ತೊಟ್ಟಿ: ಸೋಪಿನ ಜಿಡ್ಡು, ಅನ್ನದ ಅಗುಳು, ಕೂದಲು ಅಲ್ಲೇ ತಂಗಲಿ ಎಂದು. ತಿಂಗಳಿಗೊಮ್ಮೆ ಆ ತೊಟ್ಟಿಯ ಹೂಳು ತೆಗೆದು ತಿಪ್ಪೆಗೆ ಹಾಕಿದರೆ ಆಯಿತು. ನೀರು ಮಣ್ಣಿಗೆ ಇಂಗುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದುಕೊಳ್ಳುತ್ತವೆ. ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯ ಟೆಂಭುರ್ಣಿ ಎಂಬ ಊರು ಇಂಥ ಗುಂಡಿಗಳನ್ನು ಮನೆಮನೆಗೆ ತೋಡಿ ಇದ್ದ ತೆರೆದ ಚರಂಡಿಯನ್ನೇ ಮುಚ್ಚಿಬಿಟ್ಟಿತು. ನೀರು ನಿಲ್ಲುವ ಜಾಗ ಹೋದ ಮೇಲೆ ಸೊಳ್ಳೆಯೂ ಹೋಯಿತು. ‘ನಾಂದೇಡ್ ಮಾದರಿ’ ಎಂಬ ಹೆಸರೇ ಹುಟ್ಟಿತು. ಕೇಂದ್ರ ಸರ್ಕಾರ 2021ರ ಆಗಸ್ಟ್ 25ರಂದು ‘ಸುಜಲಾಂ’ ಎಂಬ ನೂರು ದಿನದ ಅಭಿಯಾನ ಹೂಡಿ ದೇಶದಲ್ಲಿ 10 ಲಕ್ಷ ಇಂಗುಗುಂಡಿಗಳ ಗುರಿ ಇಟ್ಟುಕೊಂಡದ್ದು ಇದೇ ತತ್ವದ ಮೇಲೆ. ನಮ್ಮಲ್ಲೂ ಉದ್ಯೋಗ ಖಾತ್ರಿಯಲ್ಲಿ ಬಚ್ಚಲುಗುಂಡಿಗೆ ಅವಕಾಶ ಕೊಟ್ಟು ವರ್ಷಗಳಾದವು.

ಅಂದರೆ ತಿಳಿಯದ್ದು ಯಾರಿಗೂ ಏನೂ ಇಲ್ಲ. ಆದರೂ ಚರಂಡಿ ಗೆಲ್ಲುತ್ತದೆ, ಬಚ್ಚಲುಗುಂಡಿ ಸೋಲುತ್ತದೆ. ಕಾರಣ ಸರಳ. ಚರಂಡಿಗೆ ಒಬ್ಬ ಗುತ್ತಿಗೆದಾರ, ಒಂದು ಬಿಲ್ಲು, ಒಂದು ಉದ್ಘಾಟನೆ. ಇನ್ನೂರು ಬಚ್ಚಲುಗುಂಡಿಗೆ ಇನ್ನೂರು ಮನೆಯ ಒಪ್ಪಿಗೆ, ಇನ್ನೂರು ಫೋಟೊ, ಇನ್ನೂರು ಹಾಜರಿ ಪಟ್ಟಿ (ಎಂ.ಆರ್.), ಬಿಲ್ಲು ತಡವಾದಾಗ ಇನ್ನೂರು ಬೈಗುಳ. ಮಣ್ಣಿನಡಿಯ ಗುಂಡಿಯ ಮೇಲೆ ಯಾರ ಹೆಸರನ್ನೂ ಕೆತ್ತಲಾಗುವುದಿಲ್ಲ. ಚರಂಡಿಯ ಪರ ಇರುವ ಅತಿ ದೊಡ್ಡ ವಾದ ಇದು. ಸಭೆಯಲ್ಲಿ ಮಾತ್ರ ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಬಾಯಿ ಬಿಟ್ಟು ಹೇಳುವ ವಾದಗಳಿಗೂ ಉತ್ತರ ಕೊಡಬೇಕು. ಮೊದಲನೆಯದು ಮಳೆ. ‘ಚಂದ್ರಗುತ್ತಿ ಕಡೆಯ ಮಳೆಗೆ ಚರಂಡಿ ಇಲ್ಲದಿದ್ದರೆ ಮನೆಯೊಳಗೆ ನೀರು ಬರುತ್ತದೆ’ ಎನ್ನುತ್ತಾರೆ. ಸರಿ. ಮಳೆನೀರಿಗೆ ಕಾಲುವೆ ಬೇಕು, ಮಲೆನಾಡಿನ ಅಡಿಕೆ ತೋಟಕ್ಕೆ ಬಸಿಗಾಲುವೆ ಬೇಕಾದಂತೆ ಊರಿಗೂ ಬೇಕು. ಆ ಕಾಲುವೆಗೆ ಬಚ್ಚಲಿನ ಪೈಪು ಯಾಕೆ ಬೇಕು? ಮಳೆನೀರು ಕೆರೆಗೆ ಹೋಗಬೇಕಾದ ನೀರು, ಬಚ್ಚಲ ನೀರು ಹೋಗಬಾರದ ನೀರು. ಎರಡನ್ನೂ ಒಂದೇ ಕಾಂಕ್ರೀಟಿಗೆ ಬಿಟ್ಟದ್ದರಿಂದ ಮಳೆನೀರೂ ಕೆಟ್ಟಿತು.

ಎರಡನೆಯದು ಮಣ್ಣು. ಇದು ಗಟ್ಟಿ ವಾದ, ಇದನ್ನು ತಳ್ಳಿ ಹಾಕುವಂತಿಲ್ಲ. ಸೊರಬದ ಪಶ್ಚಿಮಕ್ಕೆ ಜಂಬಿಟ್ಟಿಗೆ ನೆಲ. ಆಷಾಢ, ಶ್ರಾವಣದಲ್ಲಿ ಒರತೆ ಮೇಲೆದ್ದು ಬಾವಿಯಲ್ಲಿ ನೀರು ಕೈಗೆಟುಕುತ್ತದೆ. ಅಂಥ ಕಡೆ ಆಳದ ಗುಂಡಿ ಇಂಗುವುದಿಲ್ಲ, ತುಂಬಿ ಉಕ್ಕುತ್ತದೆ. ಇಂಗಿದರೂ ಕಲ್ಲಿನ ಬಿರುಕು ಹಿಡಿದು ಬಾವಿಗೆ ಹೋಗುವ ಭಯ. ಅಲ್ಲಿ ಆಳ ಬಿಟ್ಟು ಅಗಲಕ್ಕೆ ಹೋಗಬೇಕು: ಉದ್ದನೆಯ ಆಳವಿಲ್ಲದ ಕಾಲುವೆಗೆ ಜಲ್ಲಿ ತುಂಬಿ ಮೇಲೆ ಬಾಳೆ, ಕಾಬಾಳೆ, ಕೆಸು ನೆಡುವುದು. ಶಿಕಾರಿಪುರದ ಪೂರ್ವಕ್ಕೆ, ಹಾವೇರಿ ಗಡಿಯ ಕಡೆಗೆ ಹೋದಂತೆ ಮಳೆ ಇಳಿಯುತ್ತದೆ, ಅಲ್ಲಿ ನಾಲ್ಕಡಿಯ ಗುಂಡಿ ಆದೀತು. ಒಂದೇ ಜಿಲ್ಲೆಯ ಅಕ್ಕಪಕ್ಕದ ಎರಡು ತಾಲ್ಲೂಕಿಗೆ ಎರಡು ಉಪಾಯ ಬೇಕಾಗುವಾಗ ಇಡೀ ರಾಜ್ಯಕ್ಕೆ ಒಂದೇ ಚರಂಡಿಯ ನಕ್ಷೆ ಸಾಕು ಎನ್ನುವುದು ಯಾವ ಎಂಜಿನಿಯರಿಂಗು?

ಮೂರನೆಯದು ಜಾಗ. ಇಕ್ಕಟ್ಟಿನ ಕೇರಿಗಳಲ್ಲಿ ಮನೆಗೊಂದು ಗುಂಡಿ ಆಗದು. ಅಲ್ಲಿ ಹತ್ತು ಹದಿನೈದು ಮನೆಗೆ ಒಂದು ಸಾಮೂಹಿಕ ಗುಂಡಿ ಆಗಬಹುದು. ಅದೂ ಆಗದಿದ್ದರೆ ಪೈಪಿನಲ್ಲಿ ಒಯ್ದು ಕೆರೆಗೆ ಮೊದಲು ಒಂದು ಹೊಂಡಕ್ಕೆ ಬಿಡಬೇಕು. ಪಂಜಾಬಿನ ಸೀಚೆವಾಲ್ ಊರಿನಲ್ಲಿ ಸಂತ ಬಲಬೀರ್ ಸಿಂಗ್ ಮಾಡಿ ತೋರಿಸಿದ್ದು ಇದನ್ನೇ. 2000ದಲ್ಲಿ ಕಾಲಿ ಬೇಯಿನ್ ನದಿಯನ್ನು ಕರಸೇವೆಯಿಂದ ಶುದ್ಧಗೊಳಿಸಲು ಹೊರಟವರು, ಊರುಗಳ ಕೊಳೆ ನೀರನ್ನು ತಡೆಯದೆ ನದಿ ಉಳಿಯದು ಎಂದು ಕಂಡುಕೊಂಡರು. ಕೊಳೆ ನೀರನ್ನು ಹೊಂಡಗಳಲ್ಲಿ ತಂಗಿಸಿ ಹೊಲಕ್ಕೆ ಹಾಯಿಸಿದರು. ಸ್ವಚ್ಛ ಭಾರತ್‌ನ ಎರಡನೇ ಹಂತದ ಮಾರ್ಗಸೂಚಿಯೂ ಇಂಥ ಹೊಂಡ, ಗಿಡಗಳ ತೇವಭೂಮಿಯನ್ನೇ ಹೇಳುತ್ತದೆ. ಚರಂಡಿ ಕೊನೆಗೂ ಬೇಕೇ ಬೇಕು ಎನ್ನುವ ಊರಿಗೆ ಷರತ್ತು ಒಂದೇ: ಮೊದಲು ಹೊಂಡ, ಆಮೇಲೆ ಚರಂಡಿ.

ಇನ್ನು ಶೌಚಾಲಯ. ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟು ಕಟ್ಟಿಸಿದ ಶೌಚಾಲಯಕ್ಕೆ ಎರಡು ಗುಂಡಿ ಇರಬೇಕೆಂಬುದು ಸಲಹೆ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಹಾಗೇ ಬಿಟ್ಟರೆ ಒಳಗಿನದು ವಾಸನೆಯಿಲ್ಲದ ಮಣ್ಣಾಗುತ್ತದೆ. ಬಾವಿಯಿಂದ ಕನಿಷ್ಠ 10 ಮೀಟರ್ ದೂರ ಬೇಕು. ಊರಿನ ನಂಬಿಕೆ ಬೇರೆ: ‘ದೊಡ್ಡದಾಗಿ ಒಂದೇ ತೆಗೆಸಿಬಿಟ್ಟರೆ ಈ ಜನ್ಮದಲ್ಲಿ ತುಂಬಲ್ಲ.’ ಹನ್ನೆರಡು ರಿಂಗು ಇಳಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಷ್ಟು ಆಳ ಹೋದದ್ದು ಒರತೆಗೆ ಮುಟ್ಟಿರುತ್ತದೆ; ತುಂಬದಿರುವುದು ಅದಕ್ಕೇ, ಎಲ್ಲವೂ ಬಾವಿಯ ಕಡೆ ಹೋಗುತ್ತಿರುತ್ತದೆ. ಅನುಕೂಲಸ್ಥರು ಸೆಪ್ಟಿಕ್ ಟ್ಯಾಂಕ್ ಕಟ್ಟುತ್ತಾರೆ, ಅದರ ಹೊರಪೈಪನ್ನು ಇಂಗುಗುಂಡಿಗೆ ಬಿಡುವ ಬದಲು ಸೀದಾ ಮನೆ ಮುಂದಿನ ಹೊಸ ಚರಂಡಿಗೆ ಕೊಡುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಬಯಲಿಗೆ ಹೋಗುವುದು ನಿಂತಿತು ಎಂದು 2018ರಲ್ಲೇ ಘೋಷಿಸಿಯಾಗಿದೆ. ಚರಂಡಿಯ ಮೂಲಕ ಮಲ ಈಗ ಮನೆಬಾಗಿಲ ಮುಂದೆಯೇ ಹೋಗುತ್ತಿದೆ.

ಟ್ಯಾಂಕು ತುಂಬಿದ ದಿನ ಪಟ್ಟಣದಿಂದ ಸಕ್ಕಿಂಗ್ ಯಂತ್ರದ ವಾಹನ ಬರುತ್ತದೆ. ಹೀರಿಕೊಂಡದ್ದನ್ನು ಎಲ್ಲಿ ಸುರಿಯುವುದು? ಸಂಸ್ಕರಣಾ ಘಟಕ ಇಲ್ಲದ ಕಡೆ ಹಳ್ಳವೋ ಕಾಡಂಚೋ ಗತಿ. ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಕೆಸರನ್ನು ಸಂಸ್ಕರಿಸುವ ಘಟಕ ಆರಂಭವಾಯಿತು, ಅಂಥದು ದೇಶಕ್ಕೇ ಮೊದಲು. ತಾಲ್ಲೂಕಿಗೊಂದು ಅಂಥ ಘಟಕ ಆಗಬೇಕೆಂಬ ಒತ್ತಾಯ ಚರಂಡಿಗಾಗಿ ಬರುವ ಅರ್ಜಿಗಳ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಯಂತ್ರ ಬರದ ಕಡೆ ಮನುಷ್ಯ ಬರುತ್ತಾನೆ. ಮಲ ಹೊರುವುದನ್ನು ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ನಿಲ್ಲಿಸಿದರು ಎಂದು ಕರ್ನಾಟಕ ಹೆಮ್ಮೆಪಡುತ್ತದೆ. ಆದರೂ 2010ರ ಜುಲೈಯಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. 2013ರ ಕಾಯ್ದೆ ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಅಪರಾಧ ಮಾಡಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಸತ್ತವರ ಕುಟುಂಬದ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಚರಂಡಿ ಕಟ್ಟಿಕೊಂಡ ಊರು ‘ಇದರ ಹೂಳನ್ನು ತೆಗೆಯುವವರು ಯಾರು’ ಎಂದು ಕೇಳಿಕೊಳ್ಳುವುದಿಲ್ಲ, ಏಕೆಂದರೆ ಉತ್ತರ ಊರಿಗೆ ಗೊತ್ತಿದೆ, ಆ ಉತ್ತರ ಯಾವ ಕೇರಿಯದು ಎಂಬುದೂ ಗೊತ್ತಿದೆ. ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಶರಣೆ ಸತ್ಯಕ್ಕ ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದಳು ಎನ್ನುತ್ತಾರೆ. ಅವಳ ಹೆಸರನ್ನು ಜಯಂತಿಯಲ್ಲಿ ಹೇಳುವವರು ತಮ್ಮ ಬಚ್ಚಲಿನ ಚಿಕ್ಕ ತೊಟ್ಟಿಯನ್ನು ತಿಂಗಳಿಗೊಮ್ಮೆ ತಾವೇ ಎತ್ತಿ ಚೊಕ್ಕಟ ಮಾಡಿಕೊಳ್ಳಲು ನಾಚುವುದು ಏಕೆ?

ದುಡ್ಡಿಲ್ಲ ಎಂಬ ಮಾತು ಕೊನೆಯದು. ಸ್ವಚ್ಛ ಭಾರತ್‌ನ ಎರಡನೇ ಹಂತ 5,000ದವರೆಗಿನ ಜನಸಂಖ್ಯೆಯ ಊರಿಗೆ ಬೂದು ನೀರಿನ (ಬಚ್ಚಲು, ಪಾತ್ರೆ, ಬಟ್ಟೆಯ ಕೊಳೆ ನೀರಿನ) ನಿರ್ವಹಣೆಗೆಂದು ತಲೆಗೆ 280 ರೂಪಾಯಿ ತನಕ ಗೊತ್ತು ಮಾಡಿತು. ಸಾವಿರ ಜನರ ಊರಿಗೆ 2.80 ಲಕ್ಷ. ಇನ್ನೂರು ಮನೆ ಎಂದರೆ ಮನೆಗೆ 1,400 ರೂಪಾಯಿ. ಗುಂಡಿ ತೋಡುವ ಕೂಲಿ ಉದ್ಯೋಗ ಖಾತ್ರಿಯಿಂದ ಬಂದರೆ ಕಲ್ಲು, ತೊಟ್ಟಿ, ಪೈಪಿಗೆ ಈ ಹಣ ಒದಗುತ್ತದೆ. ಇದೇ 2.80 ಲಕ್ಷವನ್ನು ಕಾಂಕ್ರೀಟಿಗೆ ಸುರಿದರೆ ಒಂದು ಕೇರಿಯೂ ದಾಟುವುದಿಲ್ಲ. 15ನೇ ಹಣಕಾಸು ಆಯೋಗ ಪಂಚಾಯಿತಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ಹಣ. ದುಡ್ಡು ಇತ್ತು. ಅದು ಹರಿದದ್ದು ಕೂಡ ಇಳಿಜಾರಿಗೇ.

ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಊರಿನ ಕಾಮಗಾರಿಗಳ ಪಟ್ಟಿ ಹುಟ್ಟಬೇಕಾದ್ದು ವಾರ್ಡ್ ಸಭೆಯಲ್ಲಿ, ಒಪ್ಪಿಗೆ ಪಡೆಯಬೇಕಾದ್ದು ಗ್ರಾಮಸಭೆಯಲ್ಲಿ. ಮುಂದಿನ ಸಭೆಯಲ್ಲಿ ಪಿಡಿಒ ಪಟ್ಟಿ ಓದುತ್ತ ‘ಇಂಥವರ ಮನೆಯಿಂದ ಇಂಥವರ ಮನೆಯವರೆಗೆ ಸಿ.ಸಿ. ಚರಂಡಿ’ ಎಂದಾಗ ಹಿಂದಿನ ಸಾಲಿನಲ್ಲಿ ಕೂತವರಾದರೂ ಎದ್ದು ನಿಂತು ಕೇಳಿ: ಇಂಥವರ ಮನೆ ಆದ ಮೇಲೆ ನೀರು ಎಲ್ಲಿಗೆ? ಉತ್ತರ ಕೆರೆ ಎಂದಾದರೆ ಆ ಕಾಮಗಾರಿಗೆ ಕೈ ಎತ್ತಬೇಡಿ. ಅದೇ ದುಡ್ಡಿಗೆ ಎಷ್ಟು ಮನೆಗೆ ಬಚ್ಚಲುಗುಂಡಿ ಆಗುತ್ತದೆ ಎಂದು ಲೆಕ್ಕ ಕೇಳಿ, ಆ ಲೆಕ್ಕವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.